ಬಟ್ಟೆಯ ಹಿಂಬದಿ

ಯೋಗ್ಯಕರ್ತ ನಗರ, ಬುಧವಾರ

ತಂಗಿ ವಾರ್ಸಿತಿಗೆ ಅಕ್ಕನ ಆಶೀರ್ವಾದ.

ಇಲ್ಲಿ ಕಲಾಪ್ರದರ್ಶನ ನಡೆಸುವವರು, ಕಲೆಯ ಬಗ್ಗೆ ಬರೆಯುವವರು ಸಾಲಾಗಿ ಕೂತು ತಮಗೆ ಅಚ್ಚುಮೆಚ್ಚಿನ ವಸ್ತು ಯಾವುದೆಂದು ಹೇಳಿದರು. ಒಬ್ಬ ಮುದುಕ ಒಡೆದ ಜಾಗಟೆಯನ್ನು ಅರ್ಧ ಗಂಟೆ ಹೊಗಳಿದ. ಪ್ರದರ್ಶನದ ಯಜಮಾನಿ ಕಿನಾಸಿಹ್ ತೋರಿಸಿದ್ದು ಮೇಣದ ಚಿತ್ತಾರದ ನಮ್ಮ ಹಳೆಯ ಬಾಟಿಕ್ ಬಟ್ಟೆಯನ್ನು. ಅದನ್ನು ಹಿಂಬದಿ ಕಾಣುವಂತೆ ನೇತುಹಾಕಿದ್ದಳು!

"ಉಲ್ಟಾ ಹಾಕಿದ್ದೀಯಲ್ಲೇ ಹುಡುಗಿ," ಅಂದೆ.

"ಬೇಕಂತಲೇ ಹಾಕಿದ್ದು ಅಜ್ಜಿ. ಈ ಚುಕ್ಕಿ ನೋಡಿದ್ಮೇಲೇ ನಾನು ಈ ಕೆಲಸಕ್ಕೆ ಬಂದಿದ್ದು. ಯಾರ ಕೈಕೆಲಸ ಇದು?"

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. "ನಂದೇ" ಅಂದುಬಿಟ್ಟೆ.

ಮುಂಬದಿಗೆ ಮೇಣ ಬರೆದವಳು ನಾನು, ಹಿಂಬದಿಗೆ ನೀನು. ನಿನ್ನ ಚುಕ್ಕಿಗಳನ್ನು ಮೇಕೆ ಹಿಕ್ಕೆ ಎಂದು ನಲವತ್ತು ವರ್ಷ ಹಂಗಿಸಿದವಳೂ ನಾನೇ. ಈಗ ಬಟ್ಟೆಯ ಪಕ್ಕ ಅಂಟಿಸಿದ ಚೀಟಿಯಲ್ಲಿ ನನ್ನ ಹೆಸರೊಂದೇ ಇದೆ.

ಮಂಡಿನೋವು ಹಾಗೇ ಇದೆ, ಎಣ್ಣೆ ತರಲು ಮರೆತೆ. ನಾಳೆ ಕಿನಾಸಿಹ್‌ಗೆ ನಿಜ ಹೇಳುತ್ತೇನೆ, ಬೈದರೆ ಬೈಯಲಿ. ಜಾಗ ಮುಗಿಯಿತು. ಈ ಕಾರ್ಡನ್ನು ಮೇಣ ಕರಗಿಸುವ ಒಲೆಯ ಸುತ್ತ ಕೂತ ಹೆಂಗಸರೆಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಓದಿಸು. ನಿನ್ನನ್ನು ಹಂಗಿಸಿದ್ದೂ ಅಲ್ಲೇ ಅಲ್ಲವೇ.

ಅಕ್ಕ ಪೊನಿಯೆಮ್