ಎಂ.ಡಿ. ಸಾಹೇಬರಿಗೆ ನಾನು ಕೇಳಿದ ಪ್ರಶ್ನೆ

ರೀ,

ತೋಟದಿಂದ ಬಂದವರು ಮೊದಲು ಕೂತು ಇದನ್ನು ಓದಿ. ಕಡುಬು ಮುಚ್ಚಿಟ್ಟಿದ್ದೇನೆ. ಚಟ್ನಿಗೆ ಒಗ್ಗರಣೆ ಹಾಕುವುದು ಮರೆತೇ ಹೋಯಿತು, ನೀವೇ ಹಾಕಿಕೊಳ್ಳಿ. ನನಗೆ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ.

ನಾವು ವಾರದಿಂದ ಜಗಳವಾಡುತ್ತಿದ್ದೆವಲ್ಲ, ಆ ಕಾರಿನ ಸಾಫ್ಟ್‌ವೇರ್ ಕಂಪನಿ, ಅದರ ಶೇರುದಾರರ ಸಭೆ ಬೆಳಿಗ್ಗೆ ಲ್ಯಾಪ್‌ಟಾಪಿನಲ್ಲಿ ನಡೆಯಿತು. ಹತ್ತೇ ಶೇರು ಇರುವ ನನಗೂ ಪ್ರಶ್ನೆ ಕೇಳಲು ಬಿಟ್ಟರು! "ಮೂಡಿಗೆರೆಯಿಂದ ತನುಜಾ ಅವ್ರು" ಎಂದು ಕರೆದಾಗ ಇಂಗ್ಲಿಷೆಲ್ಲ ಮರೆತುಹೋಗಿ ಕನ್ನಡದಲ್ಲೇ ಕೇಳಿಬಿಟ್ಟೆ.

"ಸರ್, ಶೇರಿನ ಬೆಲೆ ವರ್ಷದ ಲಾಭದ ಎಂಬತ್ತು ಪಟ್ಟು ಇದೆ. ನಿಮ್ಮ ಆದಾಯದಲ್ಲಿ ಎಲ್ಲಕ್ಕಿಂತ ದೊಡ್ಡ ಗಿರಾಕಿ ಒಬ್ರದೇ ಎಷ್ಟು?"

ಎಂ.ಡಿ. ನಕ್ಕು ಕನ್ನಡದಲ್ಲೇ ಉತ್ತರಿಸಿದರು. "ಒಳ್ಳೆ ಪ್ರಶ್ನೆ, ಮೇಡಂ. ಅರ್ಧಕ್ಕಿಂತ ಜಾಸ್ತಿ, ಒಂದೇ ಕಾರು ಕಂಪನಿದು. ಅವ್ರು ಇನ್ಮೇಲೆ ಸಾಫ್ಟ್‌ವೇರ್ ತಾವೇ ಮಾಡ್ಕೊಳ್ತೀವಿ ಅಂತಿದಾರೆ."

"ಒಬ್ರನ್ನೇ ನಂಬ್ಕೊಂಡಿರೋ ಕಂಪನಿಗೆ ಅಷ್ಟು ಬೆಲೆ ಕೊಡಬಾರ್ದು ಮಾರಾಯ್ತಿ" ಎಂದು ನೀವು ಬಡಿದುಕೊಂಡಿದ್ದಿರಿ. ಮೆಣಸು ಮಾರಿದ ಹಣವನ್ನೆಲ್ಲ ಅದಕ್ಕೇ ಹಾಕೋಣವೆಂದು ಹಟ ಹಿಡಿದವಳು ನಾನು. ಈಗ ಬೇಡ. ಬ್ರೋಕರ್ ವಿಶ್ವನಾಥ್ ಫೋನ್ ಮಾಡಿದರೆ ಕೊಳ್ಳುವುದಿಲ್ಲ ಎಂದುಬಿಡಿ. ಬೆಲೆ ಅರ್ಧಕ್ಕಿಳಿದ ದಿನ ನೋಡೋಣ.

ಸೋತೆ, ಆದರೂ ಎಂ.ಡಿ.ಯೇ ನನ್ನ ಪ್ರಶ್ನೆ ಒಳ್ಳೆಯದೆಂದರಲ್ಲ, ಕುಣಿಯುವಷ್ಟು ಖುಷಿ! ಅಕ್ಕನಿಗೆ ಎದುರು ಕೂತೇ ಹೇಳಬೇಕೆಂದು ಚಿಕ್ಕಮಗಳೂರಿನ ಬಸ್ಸಿಗೆ ಹೊರಟೆ. ಸಂಜೆ ಬರುತ್ತೇನೆ.

ನೀವು ಹೇಳಿದ್ದೇ ಸರಿ. ಇದನ್ನು ಬರೆದುಕೊಡುವುದು ಇದೊಂದೇ ಸಲ, ಚೀಟಿ ಜೋಪಾನ.

ತನುಜಾ