ಬೋಂಡನಿಗೆ ಕಟ್ಟಿದ ಲಂಗೋಟಿ

ಕತ್ರಿಗುಪ್ಪೆ, ಬೆಂಗಳೂರು
6 ಆಗಸ್ಟ್ 2025

ಮುದ್ದಿನ ಇಂಚರಾ,

ನಿನ್ನ ಕೆಮ್ಮು ಹೇಗಿದೆ? ಹಾಸ್ಟೆಲಿನ ಅನ್ನ ಈಗಲಾದರೂ ಬೇಯುತ್ತಿದೆಯೇ? ಕಳಿಸಿದ ಚಟ್ನಿಪುಡಿಯನ್ನು ರೂಮಿನವರಿಗೆಲ್ಲ ಹಂಚಿ ನೀನು ಕೈ ಝಾಡಿಸಿಕೊಂಡು ಕೂತಿರುತ್ತೀಯ, ನನಗೆ ಗೊತ್ತು. ನಾವು ಕ್ಷೇಮ. ಆದರೆ ಭಾನುವಾರ ಫೋನಿನಲ್ಲಿ ನಿನ್ನಪ್ಪ "ಬೋಂಡ ಆರಾಮಾಗಿದಾನೆ" ಅಂದದ್ದು ಸುಳ್ಳು. ನಿನಗೆ ಪರೀಕ್ಷೆ ಅಂತ ಹಾಗಂದ. ನಿನ್ನ ಗಿನಿ ಪಿಗ್ ಸಾಯುವ ಹಾಗಿತ್ತು. ಹಾರಿಸಿ ಕೊನೆಗೆ ಹೋಗಬೇಡ, ಸಾಲಾಗಿ ಓದು.

ಉಚ್ಚೆಯಲ್ಲಿ ರಕ್ತ ಬಂತು. ಜೆ.ಪಿ. ನಗರದ ಡಾಕ್ಟರ್ ರಮ್ಯ ನೋಡಿ, ಮೂತ್ರಕೋಶದಲ್ಲಿ ಕಲ್ಲಿದೆ ಎಂದು ಆಪರೇಷನ್ ಮಾಡಿದರು. ಮನೆಗೆ ತಂದಾಗ ಬೋಳಿಸಿದ ಹೊಟ್ಟೆ, ಅದರ ಮೇಲೆ ಗೋಣಿಚೀಲಕ್ಕೆ ಹಾಕಿದಂಥ ಕಪ್ಪು ಹೊಲಿಗೆ. ಥೂ! ನಿನ್ನಪ್ಪ ಅಮ್ಮ ಆಫೀಸಿಗೆ ಹೋದರು. ನಿನ್ನ ತಾತ ಮೂಗು ಮುಚ್ಚಿಕೊಂಡು ಪೇಪರ್ ಸಮೇತ ಮಹಡಿ ಹತ್ತಿದರು. ಉಳಿದವಳು ನಾನು, ಮನೆಯೊಳಗೆ ಇಲಿ ಜಾತಿಯದನ್ನು ಸೇರಿಸಬೇಡಿ ಎಂದು ಬಡಕೊಂಡವಳು! ಹುಲ್ಲಿನ ಪುಡಿಯನ್ನು ಗೊಜ್ಜಿನ ಹದಕ್ಕೆ ಕಲಸಿ ಸಿರಿಂಜಿನಲ್ಲಿ ಬಾಯಿಗೆ ಹಾಕಿದರೆ ಅರ್ಧ ಅವನ ಹೊಟ್ಟೆಗೆ, ಅರ್ಧ ನನ್ನ ಸೀರೆಗೆ. ಪ್ರತಿ ಸಲವೂ ನನಗೆ ಸ್ನಾನ. ಸಾಲದ್ದಕ್ಕೆ ದೇವರಮನೆಯ ಹೊಸಿಲವರೆಗೂ ಹಿಕ್ಕೆ. ಮಡಿಯಲ್ಲಿ ದೀಪ ಹಚ್ಚಲು ಹೋದವಳು ಅದನ್ನೇ ತುಳಿದೆ, ಬರಿಗಾಲಿನಲ್ಲಿ. ಬರೆಯುವಾಗಲೂ ಕಾಲು ಜುಮ್ಮೆನ್ನುತ್ತಿದೆ. ಅದಕ್ಕೇ ತಾತನ ಹಳೇ ಪಂಚೆ ಹರಿದು, ಹೊಲಿಗೆಗೆ ತಾಗದ ಹಾಗೆ ಅವನಿಗೊಂದು ಲಂಗೋಟಿ ಕಟ್ಟಿದೆ.

ಮನೆ ಸ್ವಚ್ಛವಾಯಿತು, ನಾನು ಹಿಗ್ಗಿದೆ. ಆಮೇಲೆ ಲಂಗೋಟಿಯೂ ಸ್ವಚ್ಛವಾಗಿಯೇ ಇರತೊಡಗಿತು. ಬೋಂಡ ಬಾಯಿ ಬಿಡಲೊಲ್ಲ, ಮೂಲೆಯಲ್ಲಿ ಮೈ ಉಬ್ಬಿಸಿ ಕೂತುಬಿಟ್ಟ. ಮತ್ತೆ ಡಾಕ್ಟರ ಹತ್ತಿರ ಓಡಿದೆವು. ಆ ಡಾಕ್ಟರ್ ಹುಡುಗಿ ನಾನು ಕಟ್ಟಿದ ಲಂಗೋಟಿ ನೋಡಿ ತಲೆ ಚಚ್ಚಿಕೊಂಡಳು. "ಅಜ್ಜಿ, ಮೊದ್ಲು ಇದನ್ನ ಬಿಚ್ಚಿ. ಅದು ತನ್ ಹಿಕ್ಕೆ ತಾನೇ ತಿನ್ಬೇಕು, ಇಲ್ಲಾಂದ್ರೆ ಹೊಟ್ಟೆ ಕೆಲಸ ಮಾಡಲ್ಲ" ಅಂದಳು. ಇಂಥ ಮಾತು ಕೇಳುವುದಕ್ಕೇ ನಾನು ಇಷ್ಟು ವರ್ಷ ಬದುಕಿದೆನೇ? ಅಷ್ಟಕ್ಕೇ ಮುಗಿಯಲಿಲ್ಲ. ಇವನ ಹೊಟ್ಟೆ ನಿಂತೇ ಹೋಗಿದೆ, ಆರೋಗ್ಯವಾಗಿರುವ ಇನ್ನೊಂದು ಗಿನಿ ಪಿಗ್‌ನ ಹೊಸ ಹಿಕ್ಕೆ ತಂದು, ನೀರಲ್ಲಿ ಕದಡಿ, ಸೋಸಿ ಕುಡಿಸಬೇಕಂತೆ. ಅದರಲ್ಲಿರುವ ಒಳ್ಳೆಯ ಕ್ರಿಮಿ ಒಳಗೆ ಹೋದರೆ ಹೊಟ್ಟೆ ಮತ್ತೆ ನಡೆಯುತ್ತದಂತೆ, ಇಲ್ಲದಿದ್ದರೆ ಉಳಿಯುವುದು ಕಷ್ಟವಂತೆ.

ಇನ್ನೊಂದು ಇರುವುದು ಎಲ್ಲಿ? ಹಿಂದಿನ ಬೀದಿಯ ಮುನಿಲಕ್ಷ್ಮಮ್ಮನ ಮೊಮ್ಮಗ ರೇವಂತನ ಹತ್ತಿರ. ನಾವು ಸೈಟು ಕೊಂಡದ್ದು ಅವರ ಹೊಲದಲ್ಲೇ, ಆದರೂ ಅವರ ಬಾಗಿಲಿಗೆ ನಾನು ಹೋಗುತ್ತಿದ್ದದ್ದು ಅರಿಸಿನ ಕುಂಕುಮಕ್ಕೆ ಮಾತ್ರ. ಈಗ ಸೆರಗಿನಲ್ಲಿ ಡಬ್ಬಿ ಮುಚ್ಚಿಕೊಂಡು ಹೋಗಿ ನಿಂತು, ಏನೆಂದು ಕೇಳಲಿ? ಹೇಗೋ ಹೇಳಿದೆ. ಆಕೆ ನಗಲಿಲ್ಲ. "ಅಯ್ಯೋ, ಜೀವ ಅಲ್ವೇನಮ್ಮ, ತಗೊಂಡೋಗಿ" ಎಂದು ತಾವೇ ಗೂಡಿಗೆ ಕೈಹಾಕಿ ಆರಿಸಿ ಕೊಟ್ಟರು.

ಹಿತ್ತಲಿನಲ್ಲಿ ಕೂತು ಕದಡಿದೆ. ಎರಡು ಸಲ ವಾಂತಿ ಬಂದ ಹಾಗಾಯಿತು, ಒಂದು ಸಲ ಬಂದೇಬಿಟ್ಟಿತು. ಬೋಂಡನನ್ನು ಮಡಿಲಲ್ಲಿ ಅದುಮಿ ಹಿಡಿದು ಕುಡಿಸಿದೆ. ಮಾರನೆಯ ದಿನವೂ ಕುಡಿಸಿದೆ. ಸಂಜೆ ನನ್ನ ಮಡಿಲಲ್ಲೇ ಒಂದು ಹಿಕ್ಕೆ ಬಿತ್ತು. "ರೀ, ಬಂತು, ಬಂದ್ ನೋಡ್ರೀ!" ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಿದೆ. ನಿನ್ನ ತಾತ ಏನೋ ಅನಾಹುತವೆಂದು ಮಹಡಿಯಿಂದ ಓಡಿಬಂದರು. ಅಷ್ಟರಲ್ಲಿ ಆ ಅನಿಷ್ಟ ತಿರುಗಿ ಅದನ್ನೇ ತಿಂದಿತು. ಅಸಹ್ಯ! ನಾನು ಮಾತ್ರ ಅಳುತ್ತಿದ್ದೆ.

ಈಗ ಹುಲ್ಲು ತಿನ್ನುತ್ತಾನೆ, ಕೊತ್ತಂಬರಿ ಕವರಿನ ಸದ್ದು ಕೇಳಿದರೆ ಕುಯ್‌ಗುಡುತ್ತಾನೆ. ನೀನು ನಿಶ್ಚಿಂತೆಯಾಗಿ ಓದು. ರಾತ್ರಿ ಕಿವಿಗೆ ಹತ್ತಿ ಇಟ್ಟುಕೋ. ದೇವರು ನಿನಗೆ ಆಯಸ್ಸು ಕೊಡಲಿ, ಜೊತೆಗೆ ಸ್ವಲ್ಪ ಬುದ್ಧಿಯನ್ನೂ ಕೊಡಲಿ, ಮುಂದಿನ ಸಲ ಗಿಳಿ ಸಾಕುವಷ್ಟಾದರೂ.

ನಿನ್ನ ಅಜ್ಜಿ,
ಅಲಮೇಲು

ಮರೆತಿದ್ದೆ: ಮುನಿಲಕ್ಷ್ಮಮ್ಮ ಯಾವತ್ತೂ ಎಲ್ಲರಿಗೂ ಕಾಫಿ ಕೊಟ್ಟು ನನಗೆ ಮಾತ್ರ ಸಿಪ್ಪೆ ಸುಲಿಯದ ಬಾಳೆಹಣ್ಣು ಕೊಡುತ್ತಿದ್ದರು, ಅಯ್ಯಂಗಾರ್ರು ನಮ್ಮಲ್ಲಿ ಕುಡಿಯುವುದಿಲ್ಲ ಎಂದು. ಆವತ್ತೂ ಹಣ್ಣೇ ತಂದರು. ಅವರ ಮನೆಯ ಹಿಕ್ಕೆ ಬೇಡಿ ತೆಗೆದುಕೊಂಡ ಕೈಯಲ್ಲಿ ಆ ಹಣ್ಣು ಹಿಡಿಯಲು ನನ್ನ ಮೇಲೆ ನನಗೇ ಹೇಸಿಗೆಯಾಯಿತು. "ಕಾಫಿ ಇಲ್ವೇನ್ರೀ?" ಎಂದು ಕೇಳಿ, ಕುಡಿದು ಬಂದೆ. ದಸರಾ ರಜೆಗೆ ನೀನು ಬಂದಾಗ ನಾವೆಲ್ಲ ಅವರಲ್ಲೇ ಊಟಕ್ಕೆ ಬರುತ್ತೇವೆ ಎಂದೂ ಹೇಳಿಬಿಟ್ಟಿದ್ದೇನೆ. ತಾತನಿಗೆ ಇನ್ನೂ ಗೊತ್ತಿಲ್ಲ. ಭಾನುವಾರ ಫೋನಿನಲ್ಲಿ ನೀನೇ ಹೇಳು, ನಿನ್ನ ಮಾತಾದರೆ ಅವರು ಬೇಡ ಅನ್ನುವುದಿಲ್ಲ.