ಅಗಲ ಬಾಯಿಯ ಡ್ರಮ್ಮು

ಜುಲೈ 9, ಬುಧವಾರ

ಬೆಳಿಗ್ಗೆ ಮೇಲಿನ ಸಾಲಿನ ಜೇನುಪೆಟ್ಟಿಗೆಗಳನ್ನ ನೋಡಿದೆ. ರಾಣಿಗಳೆಲ್ಲ ಸರಿಯಾಗಿದ್ದಾವೆ. ಕೊನೇ ಪೆಟ್ಟಿಗೆಯವು ಮಾತ್ರ ಮಹಾ ಮುಂಗೋಪಿಗಳು, ಗ್ಲೌಸ್ ಮೇಲೇ ಚುಚ್ಚಿದವು. ನನಗೆ ಇಷ್ಟ ಅವು.

ಸಂಜೆ ಜೇನು ಸಂಘದ ಮೀಟಿಂಗ್. ಹಳೇ ತಗಡಿನ ಡ್ರಮ್ಮುಗಳ ಒಳಗಿನ ಬಣ್ಣ ಎದ್ದು ಬರ್ತಿದೆ. ಹೋದ ವರ್ಷ ಜೇನಿನಲ್ಲಿ ಬಣ್ಣದ ಚೂರು ಸಿಕ್ಕಿ ಬ್ರೆಮೆನ್ನಿನ ವ್ಯಾಪಾರಿ ಕೂಗಾಡಿದ್ದ. ಇನ್ನೊಂದು ಸಲ ಮಾಲು ಕೆಟ್ಟರೆ ನಿಮ್ಮ ಹತ್ತಿರ ಕೊಳ್ಳೋದೇ ಇಲ್ಲ ಅಂದಿದ್ದಾನೆ. ಅವನು ಕೈಬಿಟ್ಟರೆ ಆರು ಮನೆ ಸೇರಿ ನಡೆಸೋ ನಮ್ಮ ಜೇನುಮನೆಗೆ ಬೀಗ. ಆರು ಮನೆಯವರೂ ಸಂತೆಯಲ್ಲಿ ಬಾಟಲಿ ಹಿಡ್ಕೊಂಡು ನಿಲ್ಲಬೇಕಾಗುತ್ತೆ.

ಆದ್ದರಿಂದ ಆಗಸ್ಟಿನಲ್ಲಿ ಬಯಲು ತುಂಬ ಅರಳೋ ಹೀದರ್ ಹೂವಿನ ಜೇನು ಇಳಿಸೋ ಹೊತ್ತಿಗೆ ಸ್ಟೇನ್‌ಲೆಸ್ ಸ್ಟೀಲಿನ ಡ್ರಮ್ಮು ಬರಲೇಬೇಕು. ಆರಿಸೋಕೆ ಇಬ್ಬರ ಕಮಿಟಿ. ಒಬ್ಬಳು ನಾನು. ಇನ್ನೊಬ್ಬ ಎಗ್ಗರ್ಟ್.

ಅಧ್ಯಕ್ಷೆ ವೀಬ್ಕೆ ತಲೆ ಬಗ್ಗಿಸ್ಕೊಂಡೇ ಹೆಸರು ಓದಿದಳು. ನನ್ನ ಮುಖ ನೋಡೋ ಧೈರ್ಯ ಇರಲಿಲ್ಲ ಅವಳಿಗೆ. ನಿಮ್ಮಿಬ್ಬರನ್ನ ಬಿಟ್ಟರೆ ಬೇರೆ ಯಾರಿಗೂ ಡ್ರಮ್ಮಿನ ವಿಷಯ ಗೊತ್ತಿಲ್ಲವಲ್ಲ ಗೆಶೆ, ಅಂತ ಆಮೇಲೆ ಬಾಗಿಲ ಹತ್ತಿರ ಗೋಗರೆದಳು.

ಎಗ್ಗರ್ಟ್ ನನ್ನ ಗಂಡನಾಗಿದ್ದವನು. ನಮ್ಮಮ್ಮ ಸಾಯ್ತಿದ್ದ ವಾರ ನಾನು ಆಸ್ಪತ್ರೆಯಲ್ಲಿದ್ದೆ. ಇವನು ಹೋಗಿ ಅರಣ್ಯ ಇಲಾಖೆಯವನ ಹತ್ತಿರ ಹೀದರ್ ಬಯಲಿನ ಒಳ್ಳೇ ಜಾಗ — ನಮ್ಮ ಅಜ್ಜನ ಕಾಲದಿಂದ ನಾವು ಪೆಟ್ಟಿಗೆ ಇಡ್ತಿದ್ದ ಜಾಗ — ಬರೀ ತನ್ನ ಹೆಸರಿಗೆ ಮಾಡಿಸ್ಕೊಂಡು ಬಂದ. ಮರೆತೆ ಅಂದ, ನನ್ನ ಹೆಸರು ಹಾಕೋದು. ಮರೆತನಂತೆ! ವಿಚ್ಛೇದನ ಆದಾಗಿನಿಂದ ಅವನ ಜೊತೆ ಒಂದು ಮಾತಾಡಿಲ್ಲ. ಆಡೋದೂ ಇಲ್ಲ.

ಜುಲೈ 15

ಡ್ರಮ್ಮು ನೋಡೋಕೆ ಹ್ಯಾಂಬರ್ಗ್. ವೀಬ್ಕೆ ಕಾರು ಓಡಿಸಿದಳು. ಅವನು ಮುಂದೆ, ನಾನು ಹಿಂದೆ. ದಾರಿ ಉದ್ದಕ್ಕೂ ಅವನ ಕತ್ತು ನೋಡ್ಕೊಂಡು ಹೋಗಬೇಕಾಯ್ತು. ಕೂದಲು ಕತ್ತರಿಸ್ಕೊಳ್ಳೋಕೂ ಬರಲ್ಲ ಈಗಲೂ.

ಗೋಡೌನಿನ ತುಂಬ ಡ್ರಮ್ಮುಗಳು ಹೊಳೀತಿದ್ದವು. ಎಗ್ಗರ್ಟ್ ನೆಟ್ಟಗೆ ಹೋಗಿ ಮುಚ್ಚಿದ ಡ್ರಮ್ಮಿನ ಬೆನ್ನು ತಟ್ಟಿದ. ಮೇಲೆ ತಿರುಪಿನ ಎರಡು ಸಣ್ಣ ತೂತು ಮಾತ್ರ ಇರೋ ಜಾತಿ. ತೇವ ಒಳಗೆ ಹೋಗಲ್ಲ, ಜೇನು ಹುಳಿಯಲ್ಲ ಅಂತ ಹೇಳು ಅವಳಿಗೆ — ವೀಬ್ಕೆಗೆ ಹೇಳಿದ. ನಾನು ಎರಡು ಮಾರು ದೂರದಲ್ಲಿ ನಿಂತಿದ್ದೆ.

ಹೀದರ್ ಜೇನು ಗಟ್ಟಿ ಮೊಸರಿನ ಹಾಗೆ ಕೂತುಬಿಡುತ್ತೆ, ಹರಿಯಲ್ಲ, ಆ ತೂತಿಂದ ಅದನ್ನ ಹೊರಗೆ ತೆಗೆಯೋದು ಹ್ಯಾಗೆ, ಒಳಗೆ ಇಳಿದು ಚಮಚದಲ್ಲಿ ಬಳೀತಾನಂತಾ, ಕೇಳು ಅವನನ್ನ — ನಾನೂ ವೀಬ್ಕೆಗೇ ಹೇಳಿದೆ. ಬಿಸಿ ಮಾಡಿ ಕರಗಿಸಬಹುದು ಅಂತ ಹೇಳು. ಬಿಸಿ ಮಾಡಿದರೆ ಪರಿಮಳ ಎಲ್ಲಾ ಹಾರಿಹೋಗುತ್ತೆ, ಆಮೇಲೆ ಸಕ್ಕರೆ ಪಾಕ ಮಾರಬಹುದು ಅಂತ ಹೇಳು. ಅಂಗಡಿಯವನು ನಮ್ಮ ಮೂರು ಜನರ ಮುಖಾನೂ ಒಂದೊಂದಾಗಿ ನೋಡಿದ. ಪಾಪ, ಭಾಷೆ ಬರದವರು ಅಂದ್ಕೊಂಡನೋ ಏನೋ.

ಆಮೇಲೆ ಅಂಗಡಿಯವನು ದುಬಾರಿ ಸ್ಟೀಲು ತೋರಿಸೋಕೆ ಶುರು ಮಾಡಿದ. 316 ಅಂತೆ, ಸಮುದ್ರದ ನೀರು ತುಂಬಿಟ್ಟರೂ ತುಕ್ಕು ಹಿಡಿಯಲ್ಲವಂತೆ. ನಾವು ಸಮುದ್ರ ತುಂಬಿಡೋಕೆ ಬಂದಿಲ್ಲ ಅಂದೆ. ಎಗ್ಗರ್ಟ್‌ಗೆ ನಗು ಬಂತು. ತಡ್ಕೊಂಡ. ಜೇನಿಗೆ 304 ನಂಬರಿನ ಮಾಮೂಲಿ ಸ್ಟೀಲೇ ಧಾರಾಳ ಸಾಕು, ಅದೊಂದು ವಿಷಯದಲ್ಲಿ ಇಬ್ಬರದೂ ಒಂದೇ ಮಾತಾಯ್ತು. ಮನೆಗೆ ಬರೋವರೆಗೂ ಅದೇ ಬೇಜಾರು.

ಒಂದು ಕಂಪನಿಯದನ್ನ ನಾನೇ ಬೇಡ ಅಂದೆ. ಒಳಗಿನ ಬೆಸುಗೆ ಮೇಲೆ ಬೆರಳಾಡಿಸಿದರೆ ಒರಟು ತಗಲ್ತಿತ್ತು. ಅಂಥ ಕಡೆ ಜೇನು ಹಿಡ್ಕೊಂಡು ಕೂರುತ್ತೆ, ತೊಳೆದರೂ ಹೋಗಲ್ಲ.

ಜುಲೈ 22

ಗೆದ್ದೆ!

ಮೀಟಿಂಗಿಗೆ ಹೀದರ್ ಜೇನಿನ ಬಾಟಲಿ ತಗೊಂಡು ಹೋಗಿದ್ದೆ. ಮುಚ್ಚಳ ತೆಗೆದು, ಎಗ್ಗರ್ಟ್‌ನ ಕಾಫಿ ಕಪ್ಪಿನ ಮೇಲೆ ತಲೆಕೆಳಗಾಗಿ ಹಿಡಿದೆ. ಒಂದು ಹನಿ ಬೀಳಲಿಲ್ಲ. ಹಾಗೇ ಹಿಡ್ಕೊಂಡು ನಿಂತೆ, ಎಲ್ಲರೂ ನಗೋವರೆಗೂ. ಅಗಲ ಬಾಯಿಯ ಡ್ರಮ್ಮು, ಪೂರ್ತಿ ತೆರೆಯೋ ಮುಚ್ಚಳ, ಸುತ್ತ ಬಿಗಿಯೋ ಪಟ್ಟಿ. ಅವನೊಬ್ಬನ್ನ ಬಿಟ್ಟು ಎಲ್ಲರೂ ಕೈ ಎತ್ತಿದರು.

ಸೋತ ಮೇಲೂ ಬಾಯಿ ಸುಮ್ಮನಿರಲ್ಲವಲ್ಲ. ಮುಚ್ಚಳಕ್ಕೆ ಹಾಕೋ ಗ್ಯಾಸ್ಕೆಟ್, ಆ ರಬ್ಬರ್ ಬಳೆ, ಯಾವುದು ಅಂತ ಕೇಳು ಅವಳನ್ನ, ಅಂದ. ಆಹಾರಕ್ಕೆ ಯೋಗ್ಯ ಅನ್ನೋ ಲೋಟ-ಫೋರ್ಕಿನ ಗುರುತು ಸ್ಟೀಲಿನ ಮೇಲಿದೆ, ರಬ್ಬರಿನ ಮೇಲೆ ಇದೆಯಾ ನೋಡಿದ್ದಾಳಾ? ಹೀದರ್ ಜೇನು ಪಕ್ಕದಲ್ಲಿರೋ ವಾಸನೆ ಎಲ್ಲಾ ಎಳ್ಕೊಳ್ಳುತ್ತೆ. ಬಿಳೀ ಸಿಲಿಕೋನೇ ಬೇಕು ಅಂತ ಬರೆಸು.

ಸೋತವರಿಗೆ ಸಾವಿರ ನೆಪ ಅಂತ ಹೇಳು ಅವನಿಗೆ, ಅಂದೆ. ಗುರುತು ಇಡೀ ಡ್ರಮ್ಮಿಗೆ ಸೇರಿದ್ದು ಅಂದೆ.

ನೋಡಿದ್ದೆನಾ? ಇಲ್ಲ. ಆದರೆ ಹೇಳಿದ್ದು ಅವನು. ಅಷ್ಟು ಸಾಕಾಗಿತ್ತು ನನಗೆ. ಆರ್ಡರಿಗೆ ನಾನೇ ಸಹಿ ಹಾಕಿದೆ, ದೊಡ್ಡದಾಗಿ.

ಆಗಸ್ಟ್ 8

ಪೆಟ್ಟಿಗೆ ಎಲ್ಲಾ ಹೀದರ್ ಬಯಲಿಗೆ ಸಾಗಿಸಿದ್ದಾಯ್ತು. ಬೆನ್ನು ಬಿದ್ದುಹೋಗಿದೆ. ನನ್ನ ಪಾಲಿಗೆ ರಸ್ತೆ ಪಕ್ಕದ ಜಾಗ, ಟೂರಿಸ್ಟು ಬಸ್ಸುಗಳ ಹೊಗೆ. ಅವನ ಜೇನ್ನೊಣಗಳು ಅಲ್ಲಿ ನಮ್ಮಜ್ಜನ ಜಾಗದಲ್ಲಿ, ಬೇಲಿ ಹಿಂದೆ, ಬೆಚ್ಚಗೆ. ನೋಡಿದರೆ ಮೈ ಉರಿಯುತ್ತೆ. ಹೂವು ಮಾತ್ರ ಈ ಸಲ ಚೆನ್ನಾಗಿ ಬಂದಿದೆ, ಎರಡು ಕಡೆಯೂ.

ಆಗಸ್ಟ್ 29

ಡ್ರಮ್ಮು ಬಂದವು. ಎಂಟು. ಚೆಂದ ಅಂದರೆ ಚೆಂದ.

ನಮ್ಮ ಸಂಘದ ಮುದುಕ ಹೆನ್ನಿಂಗ್ ಮನೆಯ ಫ್ರಿಜ್ಜಿನ ಮೇಲಿದ್ದ ಆಯಸ್ಕಾಂತ ಕಿತ್ಕೊಂಡು ಬಂದಿದ್ದ. ಡ್ರಮ್ಮಿನ ಹೊಟ್ಟೆ ಮೇಲೆ ಇಟ್ಟ, ಜಾರಿಬಿತ್ತು. ಅಸಲಿ ಸ್ಟೀಲು ಅಂತ ಖುಷಿ. ಅಂಚಿನ ಮಡಿಕೆ ಮೇಲೆ ಇಟ್ಟ, ಸ್ವಲ್ಪ ಹಿಡ್ಕೊಂಡಿತು. ಮುಗೀತಲ್ಲ, ಮೋಸ ಮಾಡಿದ್ದಾರೆ, ಬರೀ ಕಬ್ಬಿಣ ಅಂತ ಅಂಗಳದಲ್ಲಿ ಹುಯಿಲೆಬ್ಬಿಸಿದ. ಸ್ಟೀಲು ಬಾಗಿಸಿದ ಕಡೆ ಹಾಗೆ ಸ್ವಲ್ಪ ಹಿಡಿಯೋದೇ, ಅದು ಮೋಸ ಅಲ್ಲ ಅಂತ ಕಿವಿ ಹತ್ತಿರ ಹೋಗಿ ಕೂಗಿ ಹೇಳೋ ಹೊತ್ತಿಗೆ ನನ್ನ ಗಂಟಲು ಬಿದ್ದುಹೋಯ್ತು. ಅವನಿಗೆ ಕಿವಿ ಮಂದ.

ಎಗ್ಗರ್ಟ್ ಬಂದ. ಒಂದರ ಪಟ್ಟಿ ಸಡಿಲಿಸಿ, ಮುಚ್ಚಳ ತೆಗೆದು, ತಲೆ ಒಳಗೆ ಹಾಕಿದ. ಹೊರಗೆ ತೆಗೆದ. ನನ್ನ ಮುಖ ನೋಡಿದ. ವೀಬ್ಕೆಗೂ ಏನೂ ಹೇಳದೆ ಹೊರಟೇಹೋದ. ಹೊಟ್ಟೆಕಿಚ್ಚು, ಇನ್ನೇನು.

ಸೆಪ್ಟೆಂಬರ್ 14, ಭಾನುವಾರ

ಜೇನು ಹಿಂಡಿ ಮುಗೀತು. ಎಲ್ಲರದೂ ಬಕೆಟ್ಟುಗಳಲ್ಲಿ ಕೂತಿದೆ. ಶನಿವಾರ ಡ್ರಮ್ಮಿಗೆ ತುಂಬೋದು, ಸೋಮವಾರ ಬ್ರೆಮೆನ್ನಿನ ಲಾರಿ.

ಡ್ರಮ್ಮು ತೊಳೆಯೋ ಸರದಿ ನಂದು. ಬಿಸಿನೀರು, ಸೋಡಾ, ಮತ್ತೆ ಬಿಸಿನೀರು. ಒರೆಸಿ ಮುಚ್ಚಳ ಹಾಕೋವಾಗ ಏನೋ ವಾಸನೆ. ಸೋಡಾದ್ದಿರಬಹುದು ಅಂದ್ಕೊಂಡೆ. ಆದರೂ ಒಂದು ಬಟ್ಟಲು ಜೇನು ಒಳಗಿಟ್ಟು ಪಟ್ಟಿ ಬಿಗಿದು ಬಂದೆ. ಸುಮ್ಮನೆ. ನೋಡೋಣ ಅಂತ.

ಸೆಪ್ಟೆಂಬರ್ 17

ಬಟ್ಟಲು ತೆಗೆದೆ. ಚಮಚ ಬಾಯಿಗಿಟ್ಟೆ.

ಹೊಸ ಟೈರು.

ಉಗಿದೆ. ಬಾಯಿ ತೊಳೆದು ಇನ್ನೊಂದು ಚಮಚ. ಅದೇ. ಮುಚ್ಚಳದ ಗ್ಯಾಸ್ಕೆಟ್ ಕಿತ್ತು ನೋಡಿದೆ. ಕಪ್ಪು ರಬ್ಬರ್. ಗುರುತು ಇಲ್ಲ, ಏನೂ ಇಲ್ಲ. ಎಂಟನ್ನೂ ಕಿತ್ತು ನೋಡಿದೆ, ಎಂಟೂ ಅದೇ. ವಾಪಸ್ ಹಾಕಿದೆ.

ಅಂಗಡಿಗೆ ಫೋನ್ ಮಾಡಿದರೆ ಸಿಲಿಕೋನಿಂದು ಬರೋಕೆ ಎರಡು ವಾರ ಅಂದರು. ನೀವು ಆರ್ಡರಿನಲ್ಲಿ ಬರೆದಿರಲಿಲ್ಲವಲ್ಲ ಮೇಡಂ. ಬರೆದಿರಲಿಲ್ಲ. ನಿಜ.

ಸೆಪ್ಟೆಂಬರ್ 18, ಬೆಳಿಗ್ಗೆ

ಹೇಳಿದರೆ ಅವನು ಗೆದ್ದ. ಎಲ್ಲರೆದುರು. ಹೇಳದಿದ್ದರೆ ಆರು ಮನೆಯ ಜೇನು ಹೋಯ್ತು, ವ್ಯಾಪಾರಿ ಹೋದ, ಜೇನುಮನೆ ಹೋಯ್ತು. ಯಾವುದು ದೊಡ್ಡದು ಅಂತ ಒಂದು ಮಗೂನ ಕೇಳಿದರೂ ಹೇಳುತ್ತೆ.

ನಾನು ಇನ್ನೂ ಯಾರಿಗೂ ಹೇಳಿಲ್ಲ.

ತುಂಬಿದ ಎರಡೇ ದಿನಕ್ಕೆ ಲಾರಿ ಬರುತ್ತಲ್ಲ, ಅಷ್ಟರಲ್ಲಿ ಎಷ್ಟು ವಾಸನೆ ಹಿಡಿದೀತು... ಬಟ್ಟಲಿಗೆ ಮೂರೇ ದಿನ ಸಾಕಾಯ್ತು. ಥೂ.

ಸೆಪ್ಟೆಂಬರ್ 19

ವೀಬ್ಕೆಗೆ ಮಾಡೋಣ ಅಂತ ಫೋನ್ ಎತ್ತಿದೆ. ಇಟ್ಟೆ.

ಸೆಪ್ಟೆಂಬರ್ 20, ಶನಿವಾರ

ಈಗ ತಾನೇ ಮನೆಗೆ ಬಂದೆ. ಬರೀತೀನಿ.

ಎಲ್ಲರೂ ಬಂದಿದ್ದರು. ವೀಬ್ಕೆ ಬೆಣ್ಣೆ ಕೇಕ್ ಮಾಡ್ಕೊಂಡು ಬಂದಿದ್ದಳು. ಚೀಟಿ ಎತ್ತಿದಾಗ ಮೊದಲ ಸರದಿ ಎಗ್ಗರ್ಟ್‌ದು. ನಾನು ಗೋಡೆಗೆ ಒರಗಿ ನಿಂತಿದ್ದೆ. ಹೇಳ್ತೀನಿ, ಈಗ ಹೇಳ್ತೀನಿ ಅಂದ್ಕೊಳ್ತಾನೇ ಇದ್ದೆ.

ಕಲಕಿದರೆ ಹೀದರ್ ಜೇನೂ ಸ್ವಲ್ಪ ಹೊತ್ತು ಹರಿಯುತ್ತೆ; ಅವನು ಚೆನ್ನಾಗಿ ಕಲಕಿ, ಬಕೆಟ್ ಎತ್ತಿ ಡ್ರಮ್ಮಿನ ಅಂಚಿಗೆ ಇಟ್ಟ. ಓರೆ ಮಾಡಿದ. ಸುರಿಯೋನು ಡ್ರಮ್ಮಿನ ಒಳಗೆ ನೋಡಬೇಕು. ಇವನು ನನ್ನ ಕಡೆ ನೋಡ್ತಿದ್ದ. ಬಕೆಟ್ ಹಿಡ್ಕೊಂಡು, ಕಣ್ಣು ಮಿಟುಕಿಸದೆ, ನನ್ನನ್ನೇ.

"ಎಗ್ಗರ್ಟ್, ನಿಲ್ಲಿಸು."

ಎಲ್ಲರೂ ತಿರುಗಿ ನನ್ನನ್ನ ನೋಡಿದರು. ಅವನ ಹೆಸರು ನನ್ನ ಬಾಯಲ್ಲಿ ಯಾರೂ ಕೇಳಿ ಎಷ್ಟು ಕಾಲ ಆಗಿತ್ತೋ. ಅವನು ನಿಧಾನಕ್ಕೆ ಬಕೆಟ್ ಕೆಳಗಿಟ್ಟ.

"ಗ್ಯಾಸ್ಕೆಟ್ ತಾನೇ?" ಅಂದ.

ಹೊರಗೆ ಹೋಗಿ ತನ್ನ ವ್ಯಾನಿನಿಂದ ಒಂದು ರಟ್ಟಿನ ಡಬ್ಬ ತಂದ. ತೆರೆದ. ಬಿಳೀ ಸಿಲಿಕೋನಿನ ಬಳೆಗಳು, ಎಂಟು, ಮೇಲೆ ಲೋಟ-ಫೋರ್ಕ್ ಗುರುತು. ವೀಬ್ಕೆ ಕೇಳಿದಳು, ಯಾವಾಗಿಂದ ಇದೆ ಇದು ನಿನ್ನ ಹತ್ತಿರ ಅಂತ. ಡ್ರಮ್ಮು ಬಂದ ದಿನವೇ ಮೂಸಿ ನೋಡಿ ಆರ್ಡರ್ ಮಾಡಿದನಂತೆ. ವಾರದ ಹಿಂದೆ ಬಂತಂತೆ.

ನಾನು ನೇರವಾಗಿ ಅವನನ್ನೇ ಕೇಳಿದೆ. "ಮತ್ತೆ ಸುರಿಯೋಕೆ ಹೊರಟಿದ್ದೆಯಲ್ಲ?"

"ಹೊರಟಿದ್ದೆ."

"ನಿನ್ನ ಜೇನೇ ಹೋಗ್ತಿತ್ತು."

"ಹೋಗ್ಲಿ ಅಂತಿದ್ದೆ. ಸೋಮವಾರ ಬ್ರೆಮೆನ್ನಿನವರು ಮೂಸಿದ ಮೇಲೆ ಎಲ್ಲರೂ ನಿನ್ನ ಮುಖಕ್ಕೆ ಉಗೀತಿದ್ದರಲ್ಲ."

ಹೆನ್ನಿಂಗ್ ಬಕೆಟ್ ಮೇಲೆ ಕೂತುಬಿಟ್ಟ. ಇವನ ಜೊತೆ ಹದಿನೆಂಟು ವರ್ಷ ಒಂದೇ ಹಾಸಿಗೆಯಲ್ಲಿ ಮಲಗಿದ್ದೆ ನಾನು. ಹೊಡೀಬೇಕು ಅನ್ನಿಸ್ತು. ಡಬ್ಬ ಅವನ ಕೈಯಲ್ಲಿತ್ತು, ಸೋಮವಾರ ಲಾರಿ ಇತ್ತು.

ಈಗ ಹೇಳು ಎಲ್ಲರ ಮುಂದೆ ಅಂದ. ಹೇಳಿದರೆ ಡಬ್ಬ ಕೊಡ್ತೀನಿ. ವೀಬ್ಕೆ ಬೈದಳು ಅವನಿಗೆ. ನೀನು ಸುಮ್ನಿರು ಅಂದೆ ಅವಳಿಗೆ. ಹೇಳಿದೆ. "ಅವನು ಹೇಳಿದ್ದು ಸರಿ. ನಾನು ನೋಡಿರಲಿಲ್ಲ. ತಪ್ಪು ನಂದು."

ಹೆನ್ನಿಂಗಿಗೆ ಕೇಳಿಸಲಿಲ್ಲ. ಏನಂದಳು, ಏನಂದಳು ಅಂತ ಶುರು ಮಾಡಿದ. ಎರಡನೇ ಸಲ ಹೇಳಬೇಕಾಯ್ತು, ಕಿರುಚಿ.

ಎಗ್ಗರ್ಟ್ ಡಬ್ಬ ಕೊಟ್ಟ. ಗೆದ್ದವನ ಮುಖ ಆಗಿರಲಿಲ್ಲ ಅದು. ಊಟ ಸೇರದವನ ಹಾಗಿದ್ದ. ಹಳೇ ಗ್ಯಾಸ್ಕೆಟ್ ಒಬ್ಬರೇ ಕೀಳ್ತಾ ಕೂತರೆ ರಾತ್ರಿಯಾಗುತ್ತೆ, ಮುಚ್ಚಳ ಯಾರಾದರೂ ಹಿಡೀಬೇಕು. ಅವನು ಹಿಡಿದ, ನಾನು ಎಳೆದೆ. ಸೋಡಾ ಹಾಕಿ ಮುಚ್ಚಳ ಮತ್ತೆ ತೊಳೆದೆವು. ಕತ್ತಲಾಗೋ ಮೊದಲು ಎಂಟೂ ತುಂಬಿ ಪಟ್ಟಿ ಬಿಗಿದಾಯ್ತು. ಮೂಸಿ ನೋಡಿದೆ, ಬರೀ ಜೇನಿನ ವಾಸನೆ. ಜೇನುಮನೆ ಉಳೀತು. ಬೆಣ್ಣೆ ಕೇಕ್ ಯಾರೂ ಮುಟ್ಟಲಿಲ್ಲ.

ಸೆಪ್ಟೆಂಬರ್ 21, ಭಾನುವಾರ, ಮಧ್ಯಾಹ್ನ

ಬಾಗಿಲು ತಟ್ಟಿದ ಸದ್ದು. ತೆಗೆದರೆ ಅವನು. ಈ ಮನೆ ಮೆಟ್ಟಿಲು ಹತ್ತಿ ಎಷ್ಟೋ ವರ್ಷ ಆಯ್ತು. ಒಳಗೆ ಕರೀಲಿಲ್ಲ.

"ನಾನು ಸುರೀತಿರಲಿಲ್ಲ, ಗೆಶೆ," ಅಂದ.

ಸುಳ್ಳು ಹೇಳಬೇಡ ಅಂದೆ. ಮೆಟ್ಟಿಲ ಮೇಲಿದ್ದ ಒಣಎಲೆಯನ್ನ ಬೂಟಿನಿಂದ ಕೆಳಗೆ ತಳ್ಳಿದ. ಗೊತ್ತಿಲ್ಲ ಅಂದ. ನಿನ್ನೆಯಿಂದ ಅದನ್ನೇ ಯೋಚಿಸ್ತಿದ್ದಾನಂತೆ, ಗೊತ್ತಾಗ್ತಿಲ್ಲವಂತೆ. ಆಮೇಲೆ ತಲೆ ಎತ್ತಿ ಕೇಳಿದ:

"ನಿನಗೆ ಯಾವತ್ತು ಗೊತ್ತಾಯ್ತು?"

ಬುಧವಾರ ಅಂದೆ. ಬಾಯಿಗೆ ಬಂದುಬಿಡ್ತು.

"ಬುಧವಾರ," ಅಂದ ಅವನೂ. "ನಾನು ನಿನ್ನ ಕಡೆ ನೋಡದೇ ಇದ್ದಿದ್ದರೆ ಕೂಗ್ತಿದ್ಯಾ?"

ಬಾಗಿಲು ಹಾಕಿದೆ ಮುಖದ ಮೇಲೇ.

ಇಲ್ಲಿ ಅಡುಗೆಮನೆಯಲ್ಲಿ ಕೂತು ಬರೀತಿದ್ದೀನಿ. ಅವನು ಹೋಗಿಲ್ಲ. ಕಿಟಕಿಯಲ್ಲಿ ಕಾಣ್ತಿದ್ದಾನೆ. ನಿಂತಿರಲಿ. ಚಳಿ ಇದೆ, ಜಾಕೆಟ್ಟೂ ಹಾಕಿಲ್ಲ ಮೂರ್ಖ. ಉತ್ತರ ಬೇಕಂತೆ. ಅವನಿಗೆ ನಾನ್ಯಾಕೆ ಕೊಡಲಿ. ಇದನ್ನ ಯಾರೂ ಓದಲ್ಲ, ಇಲ್ಲಾದರೂ ಬರೀಬಹುದು. ಅವನು ನನ್ನ ಕಡೆ ನೋಡದೇ ಇದ್ದಿದ್ದರೆ ನಾನು